ಆರಿದ ಎಂಜಿನ್

ಇಳಕಲ್ಲಿನ ನಮ್ಮ ಕಾರು ಮಿಸ್ತ್ರಿ, ಹಳೆಯ ಡೀಸೆಲ್ ಗಾಡಿ ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಒಂದೇ ಮಾತು: "ಆರಲಿ." ಬಿಸಿ ಎಂಜಿನ್ ಯಾವುದಾದರೂ ಸಲೀಸಾಗಿ ಚಾಲೂ ಆಗುತ್ತದೆ, ಅದರ ರೋಗ ತಿಳಿಯುವುದು ತಣ್ಣಗಿದ್ದಾಗ ಎಂದು ಅವರು ನಂಬಿದ್ದರು.

ನನ್ನ ಹೆಂಡತಿಯನ್ನು ವಾರಕ್ಕೆರಡು ಸಲ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯಬೇಕಿತ್ತು. ಬಸ್ಸು ಹತ್ತುವುದು ಅವಳಿಂದ ಆಗುತ್ತಿರಲಿಲ್ಲ. ನಡುದಾರಿಯಲ್ಲಿ ನಿಲ್ಲುವ ಕಾರು ನಮಗೆ ಬೇಡವಾಗಿತ್ತು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ಮಾರುವ ವ್ಯಾಪಾರಿಯೊಬ್ಬರ ಕಾರು ನೋಡಲು ಮಿಸ್ತ್ರಿಯನ್ನು ಕರೆದುಕೊಂಡು ಬೆಳಿಗ್ಗೆ ಏಳಕ್ಕೇ ಹೋದೆ. "ನಾವು ಬರೂತನ ಚಾಲೂ ಮಾಡಬ್ಯಾಡ್ರಿ" ಎಂದು ಮೊದಲೇ ತಿಳಿಸಿದ್ದೆವು. ಆದರೂ ಬಾನೆಟ್ ಬೆಚ್ಚಗಿತ್ತು.

"ಆರಲಿ" ಎಂದು ಮಿಸ್ತ್ರಿ ಕುರ್ಚಿ ಕೇಳಿ ಕುಳಿತರು.

"ಏನ್ರಿ, ಕನ್ಯಾ ನೋಡಾಕ ಬಂದೀರೇನು?" ವ್ಯಾಪಾರಿ ನಕ್ಕರು.

"ಕನ್ಯಾ ನೋಡಾಕ ಬಂದಿದ್ರ ಇಷ್ಟೊತ್ತಿಗೆ ಉಪ್ಪಿಟ್ಟರ ಬರತಿತ್ತು" ಎಂದರು ಮಿಸ್ತ್ರಿ.

ಉಪ್ಪಿಟ್ಟು ಬಂತು. ಚಹಾ ಎರಡು ಸಲ ಬಂತು. ಹನ್ನೊಂದಕ್ಕೆ ಮಿಸ್ತ್ರಿ ಎದ್ದು ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಕಣ್ಣು ಮುಚ್ಚಿ ಅದರ ಸದ್ದು ಕೇಳಿದರು. ಆಯಿಲ್ ಮುಚ್ಚಳ ತೆಗೆದರು. ಒಳಗಿನಿಂದ ಹೊಗೆ ನುಗ್ಗಲಿಲ್ಲ. ಹಿಂದೆ ಹೋಗಿ ಸೈಲೆನ್ಸರ್ ನೋಡಿದರು. ಆಯಿಲ್ ಸುಟ್ಟ ನೀಲಿ ಹೊಗೆಯೂ ಇರಲಿಲ್ಲ.

"ಇಷ್ಟು ಚಲೋ ಐತಿ, ಮತ್ತ್ಯಾಕ ಮೊದಲ ಕಾಸಿ ಇಟ್ಟಿದ್ರಿ?" ಎಂದು ನಾನು ಕೇಳಿದೆ.

"ಹಳೇದು ನೋಡ್ರಿ ಸರ್. ನಿಮ್ಮ ಮುಂದ ಎಲ್ಲಿ ಮಾನ ಕಳೀತದೋ ಅಂತ ಅಂಜಿದೆ" ಎಂದರು ವ್ಯಾಪಾರಿ.

ಮಿಸ್ತ್ರಿ ಕೈ ಒರೆಸಿಕೊಂಡು ನನ್ನತ್ತ ತಿರುಗಿದರು.

"ಗಾಡಿಗಿದ್ದ ಧೈರ್ಯ ಮಾಲಕರಿಗಿಲ್ಲ. ತಗೋರಿ ಸರ್. ಅಕ್ಕಾರನ್ನ ನಾಳೇನ ದವಾಖಾನಿಗೆ ಕರಕೊಂಡು ಹೋಗ್ರಿ."