ಹತ್ತಕ್ಕೆ ಹತ್ತು

ಎಚ್‌ಐವಿ ಚಿಕಿತ್ಸಾ ಕೇಂದ್ರದ ಡಾಕ್ಟರಮ್ಮ ವರ್ಷಕ್ಕೆ ಹನ್ನೆರಡು ಪಾಠಗಳನ್ನು ಮೊಬೈಲಿನಲ್ಲಿ ಕೇಳಿ, ಪ್ರತಿಯೊಂದಕ್ಕೂ ಪರೀಕ್ಷೆ ಬರೆಯಬೇಕಿತ್ತು. ಇನ್ನೊಂದು ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಅವಳ ಗಂಡನಿಗೂ ಅವೇ ಪಾಠಗಳು. ಅವನು ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಅಪ್ಪ ಓದ್ತಿದಾರೆ, ಗಲಾಟೆ ಮಾಡಬೇಡಿ ಎಂದು ಮಕ್ಕಳ ಬಾಯಿ ಮುಚ್ಚಿಸುವ ಕೆಲಸವೂ ಡಾಕ್ಟರಮ್ಮನದೇ. ಅವಳ ಪಾಠ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಗೆ ಆನಿಸಿಟ್ಟ ಮೊಬೈಲಿನಲ್ಲಿ. ಅತ್ತ ಕುಕ್ಕರ್ ಕೂಗುತ್ತಿತ್ತು, ಇತ್ತ ಪಾಠದವರು ಮಾತಾಡುತ್ತಿದ್ದರು. ಕೈ ಒದ್ದೆಯಿದ್ದಾಗ ಮೊಣಕೈಯಲ್ಲೇ ‘ಮುಂದೆ’ ಒತ್ತುವುದನ್ನೂ ಕಲಿತಿದ್ದಳು.

ಪರೀಕ್ಷೆಯ ಉತ್ತರಗಳು ಹೆಂಗಸು ಡಾಕ್ಟರುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದ್ದವು. ಹೋದ ವರ್ಷ ಎಚ್‌ಐವಿಗೆ ಬಂದ ಹೊಸ ಮಾತ್ರೆಯ ಪಾಠದ ಉತ್ತರಗಳನ್ನು ಎಲ್ಲರಿಗೂ ದಾಟಿಸಿದವಳು ಡಾಕ್ಟರಮ್ಮನೇ. ಹತ್ತಕ್ಕೆ ಹತ್ತು ಬಂತು. ಆ ಪ್ರಮಾಣಪತ್ರ ಈಗ ಚಿಕಿತ್ಸಾ ಕೇಂದ್ರದಲ್ಲಿ ಅವಳ ಕುರ್ಚಿಯ ಹಿಂದಿನ ಗೋಡೆಯ ಮೇಲಿದೆ.

ಅವಳ ರೋಗಿಗಳಲ್ಲಿ ಒಬ್ಬಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಡೆಯುವವಳು. ಅವಳೂ ಅವಳ ಗಂಡನೂ ಆರು ವರ್ಷದಿಂದ ಇಲ್ಲೇ ಮಾತ್ರೆ ಪಡೆಯುತ್ತಿದ್ದರು, ಹೋದ ವರ್ಷದಿಂದ ಆ ಹೊಸ ಮಾತ್ರೆಯನ್ನೇ. ಅತ್ತೆಗೂ ಎಲ್ಲ ಗೊತ್ತಿತ್ತು. ಅವಳ ರಕ್ತದಲ್ಲಿ ವೈರಸ್ ಕಾಣದಂತಾಗಿ ಎಷ್ಟೋ ಕಾಲವಾಗಿತ್ತು. ಬಸುರಿಯಾದ ಮೇಲೆ ಆರನೇ ತಿಂಗಳ ಪರೀಕ್ಷೆಯಲ್ಲಿ ಅದು ಮತ್ತೆ ತಲೆ ಎತ್ತಿತು. ಹೆರಿಗೆಯೊಳಗೆ ಇಳಿಯದಿದ್ದರೆ ಮಗುವಿಗೂ ತಗಲಬಹುದು.

ಫಲಿತಾಂಶ ಬಂದ ದಿನ ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚಿನ ತುಂಬ ಜನ. ಬಾಗಿಲು ತೆರೆದೇ ಇತ್ತು. ಮಾತ್ರೆ ತಪ್ಪಿಸಿದ್ದೀಯಾ ಎಂದು ಡಾಕ್ಟರಮ್ಮ ಕೇಳಿದಳು. ಕಾಜಾದವಳು ಇಲ್ಲವೆಂದು ತಲೆಯಾಡಿಸಿ, ಚೀಲದಿಂದ ಖಾಲಿ ಡಬ್ಬಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೈಮುರಿದು ದುಡಿಯುವವರು ಲೆಕ್ಕ ಒಪ್ಪಿಸುವ ರೀತಿ ಅದು. ಡಾಕ್ಟರಮ್ಮನಿಗೆ ರೇಗಿತು.

“ಡಬ್ಬಿ ಖಾಲಿ ಮಾಡೋಕೆ ಚರಂಡಿ ಸಾಕು. ವೈರಸ್ ಸುಳ್ಳು ಹೇಳಲ್ಲ ಕಣಮ್ಮ, ಮನುಷ್ಯರು ಹೇಳ್ತಾರೆ. ನಿನ್ನ ಹೊಟ್ಟೇಲಿರೋ ಮಗೂಗಾದ್ರೂ ಹೆದರು.”

ಬೆಂಚಿನ ಮೇಲಿದ್ದವರೆಲ್ಲ ಒಳಗೆ ಇಣುಕಿದರು. ಬಾಗಿಲ ಬಳಿ ನಿಂತಿದ್ದ ಅತ್ತೆ ಸೊಸೆಯ ಮುಖ ನೋಡಿದಳು.

ಮೂರು ವಾರದ ನಂತರದ ಭಾನುವಾರ ಡಾಕ್ಟರಮ್ಮ ಗಂಡನ ಕೋಣೆಗೆ ಚಹಾ ಒಯ್ದಳು. ಅವನ ಪರದೆಯ ಮೇಲೆ ಈ ವರ್ಷವೂ ಬಂದಿದ್ದ ಅದೇ ಪಾಠ: ಹೊಸ ಮಾತ್ರೆ, ಅದರ ಪಕ್ಕ ಬಸುರಿಯರಿಗೆ ಕೊಡುವ ಕಬ್ಬಿಣ ಮತ್ತು ಸುಣ್ಣದ, ಅಂದರೆ ಕ್ಯಾಲ್ಸಿಯಂನ, ಮಾತ್ರೆಗಳು, ನಡುವೆ ಒಂದು ಗಡಿಯಾರ. ಖಾಲಿ ಹೊಟ್ಟೆಯಲ್ಲಿ ಇವುಗಳನ್ನು ಒಟ್ಟಿಗೆ ನುಂಗಿದರೆ ವೈರಸ್ಸಿನ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಲ್ಲವನ್ನೂ ಊಟದ ಜೊತೆ ತೆಗೆದುಕೊಳ್ಳಬೇಕು, ಇಲ್ಲವೇ ವೈರಸ್ಸಿನ ಮಾತ್ರೆಯನ್ನು ಎರಡು ಗಂಟೆ ಮೊದಲೇ ನುಂಗಬೇಕು ಎಂದು ಪಾಠದವರು ಹೇಳುತ್ತಿದ್ದರು.

“ನಿಂತ್ಕೊಂಡು ಏನು ನೋಡ್ತೀಯಾ?” ಗಂಡ ನಕ್ಕ. “ಹತ್ತಕ್ಕೆ ಹತ್ತು ತಗೊಂಡವಳು ನೀನು.”

ಅವಳು ಬಟ್ಟಲು ಇಟ್ಟು ಅಡುಗೆಮನೆಗೆ ಬಂದಳು. ಕಾಜಾದವಳಿಗೆ ಕಬ್ಬಿಣ, ಸುಣ್ಣ ಬರೆದುಕೊಟ್ಟದ್ದು ಅವಳೇ. ‘ತಗೊಂಡ್ಯಾ?’ ಎಂದು ಎಷ್ಟು ಸಲ ಕೇಳಿದ್ದಳೋ, ‘ಹೇಗೆ ತಗೊಳ್ತೀಯಾ?’ ಎಂದು ಒಮ್ಮೆಯೂ ಕೇಳಿರಲಿಲ್ಲ. ಕುಕ್ಕರಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವುದು ನಿಜವೇ. ಆದರೆ ಆ ನಿಜವನ್ನು ಬೆಂಚಿನೆದುರು ತಲೆತಗ್ಗಿಸಿದ್ದ ಆ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು? ಗುಂಪಿಗೆ ಒಂದು ಸಾಲು ಬರೆದಳು: ನಾನು ಕಳಿಸಿದ ಉತ್ತರ ಅಳಿಸಿ, ಪಾಠ ಕೇಳಿ. ಯಾಕೆ, ಉತ್ತರ ತಪ್ಪಿತ್ತಾ ಎಂದು ಒಬ್ಬಳು ಕೇಳಿದಳು. ಉತ್ತರ ಸರಿಯಾಗೇ ಇತ್ತು ಎಂದು ಬರೆದು ಮೊಬೈಲು ಮಗುಚಿಟ್ಟಳು.

ಸೋಮವಾರ ಅತ್ತೆ ಸೊಸೆ ಇಬ್ಬರನ್ನೂ ಕರೆಸಿ ಬಾಗಿಲು ಹಾಕಿದಳು. ಮಾತ್ರೆಗಳನ್ನು ಹೇಗೆ ತಗೊಳ್ತೀಯಾ ಎಂದು ಕೇಳಿದಳು.

“ಬೆಳಿಗ್ಗೆ ಐದಕ್ಕೆ, ಎಲ್ಲಾನೂ ಒಂದೇ ಸಲ, ಒಂದು ಲೋಟ ನೀರಲ್ಲಿ. ಆಮೇಲೆ ಅಡುಗೆ, ಡಬ್ಬಿ ಕಟ್ಟೋದು, ಪಾತ್ರೆ. ನನ್ನ ಹೊಟ್ಟೆಗೆ ಏನಾದ್ರೂ ಬೀಳೋದು ಕಾರ್ಖಾನೇಲಿ ಹನ್ನೊಂದಕ್ಕೆ.”

ಈ ಮೂರು ವಾರವೂ ಹಾಗೆಯೇ ನಡೆದಿತ್ತು. ವ್ಯತ್ಯಾಸವೆಂದರೆ ಮಾತ್ರೆಗಳು ಈಗ ಅತ್ತೆಯ ಪೆಟ್ಟಿಗೆಯಲ್ಲಿದ್ದವು. ದಿನಾ ಅವಳೇ ಎಣಿಸಿ ಕೊಟ್ಟು, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುತ್ತಿದ್ದಳು.

ಡಾಕ್ಟರಮ್ಮ ತಡವರಿಸದೆ ಹೇಳಿದಳು. “ತಪ್ಪು ನಿಂದಲ್ಲ, ನಂದು. ಹಾಗೆ ಒಟ್ಟಿಗೆ ತಗೋಬಾರದು ಅಂತ ನಾನು ಹೇಳ್ಬೇಕಿತ್ತು. ನಾನೇ ಸರಿಯಾಗಿ ಕಲಿತಿರಲಿಲ್ಲ.”

“ಹಂಗಾದ್ರೆ ಇವಳು ಸುಳ್ಳು ಹೇಳಿರ್ಲಿಲ್ವಾ?” ಅತ್ತೆಯ ದನಿ ಕುಗ್ಗಿತು.

“ಇಲ್ಲಮ್ಮ.”

ಅತ್ತೆ ಸೆರಗಿನ ಗಂಟು ಬಿಚ್ಚಿ, ಪೆಟ್ಟಿಗೆಯ ಬೀಗದ ಕೈಯನ್ನು ಸೊಸೆಯ ಮುಂದೆ ಮೇಜಿನ ಮೇಲಿಟ್ಟಳು. “ನಾಳೆಯಿಂದ ಒಲೆ ನಾನು ಹಚ್ತೀನಿ. ನೀನು ಮೊದ್ಲು ತಿನ್ನು, ಆಮೇಲೆ ನುಂಗು” ಎಂದಳು.

ಕಾಜಾದವಳು ಬೀಗದ ಕೈ ಮುಟ್ಟಲಿಲ್ಲ. ಮಗುವಿನ ಗತಿ ಏನು ಎಂದು ಕೇಳಿದಳು. ಇನ್ನೂ ಎರಡು ತಿಂಗಳಿದೆ, ಇವತ್ತಿನಿಂದ ಸರಿಯಾಗಿ ತೆಗೆದುಕೊಂಡರೆ ಇಳಿಯುವ ಸಾಧ್ಯತೆಯೇ ಹೆಚ್ಚು, ತಿಂಗಳಿಗೆ ಮತ್ತೆ ರಕ್ತ ನೋಡೋಣ ಎಂದಳು ಡಾಕ್ಟರಮ್ಮ. ಇಳಿದೇ ಇಳಿಯುತ್ತದೆ ಎನ್ನಲು ನಾಲಿಗೆ ಏಳಲಿಲ್ಲ.

ಕಾಜಾದವಳು ಎದ್ದು ನಿಂತಳು. “ಅವತ್ತು ಬಾಗಿಲು ತೆಗೆದಿತ್ತು ಮೇಡಂ. ಇವತ್ತು ಮುಚ್ಚಿದ್ದೀರಿ.”

ಡಾಕ್ಟರಮ್ಮನಿಗೆ ಪ್ರಮಾಣಪತ್ರ ಬೆನ್ನಿಗೆ ಅಂಟಿಕೊಂಡಂತೆ ಅನ್ನಿಸಿತು. ಬಾಗಿಲು ತೆಗೀಲಾ ಎಂದು ಕೇಳಿದಳು, ಕಾಜಾದವಳು ಹೂಂ ಎಂದು ತಲೆಯಾಡಿಸಿದಳು. ಡಾಕ್ಟರಮ್ಮ ಬಾಗಿಲು ತೆಗೆದು ಹೊಸ್ತಿಲಲ್ಲಿ ನಿಂತಳು. ಹೊರಗೆ ಅವತ್ತಿನಷ್ಟೇ ಜನ.

“ಅವತ್ತು ಇವರು ಮಾತ್ರೆ ಚರಂಡಿಗೆ ಹಾಕಿದ್ದಾರೆ ಅಂದೆ. ಅದು ಸುಳ್ಳು. ಇವರು ಒಂದು ದಿನಾನೂ ತಪ್ಪಿಸಿಲ್ಲ. ಕಬ್ಬಿಣದ ಮಾತ್ರೆ ಜೊತೆಗೆ ಖಾಲಿ ಹೊಟ್ಟೇಲಿ ತಗೋಬಾರದು ಅನ್ನೋದು ನನಗೇ ಗೊತ್ತಿರಲಿಲ್ಲ.”

ಕಾಜಾದವಳು ಮೇಜಿನ ಮೇಲಿದ್ದ ಬೀಗದ ಕೈಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದು, ಬೆಂಚಿನ ಮುಂದೆ ನಿಧಾನವಾಗಿ ನಡೆದು ಹೋದಳು. ಅತ್ತೆ ಚೀಲ ಹೊತ್ತು ಹಿಂಬಾಲಿಸಿದಳು.

ಬೆಂಚಿನ ತುದಿಯಲ್ಲಿದ್ದ ಇನ್ನೊಬ್ಬ ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಎದ್ದಳು.

“ಮೇಡಂ, ನಾನೂ ಹಾಗೇ ತಗೊಳ್ತಿದೀನಿ.”