ಆಕೀಗೆ ಹೇಳ್ರಿ

ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ ನಮಗೆ ತರಬೇತಿ ಕೊಟ್ಟರು. ಬೀಜದ ಕಂಪನಿಯೊಂದರ ಹೊಲಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರು ನಾವು. ವಿಷಯ, ತಂಡದಲ್ಲಿ ಕೆಲಸ ಹಂಚಿಕೊಳ್ಳುವುದು. ಟೈ ಕಟ್ಟಿಕೊಂಡು ಬಂದಿದ್ದವನು ಪರದೆಯ ಮೇಲೆ ಬಾಣದ ಗುರುತುಗಳನ್ನು ತೋರಿಸುತ್ತ, ಒಬ್ಬರಿಗೆ ಒಂದೇ ಕೆಲಸ ಕೊಡಿ, ಕೈ ಕುದುರುತ್ತದೆ, ಹರಟೆ ಕಡಿಮೆಯಾಗುತ್ತದೆ ಎಂದ. ಊಟದ ಹೊತ್ತಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ನನ್ನ ಪಕ್ಕವೂ ಯಾರೂ ಕೂರಲಿಲ್ಲ, ಆದರೆ ನನಗೆ ಅದು ರೂಢಿ.

ನನ್ನ ಪಾಲಿನ ಹೊಲ ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರಸ್ತೆಯ ಬದಿಗಿತ್ತು. ಬಿಳಿ ಬಲೆಯ ಮನೆಯೊಳಗೆ ಟೊಮೆಟೊ ಗಿಡಗಳು. ಅಲ್ಲಿಯ ಕೆಲಸಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಮಧ್ಯಾಹ್ನ ಚಿಮಟದಿಂದ ಬಿಡಿಸಿ ಅದರ ಗಂಡು ಭಾಗವನ್ನು ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಹೂ ಬಿಡುವ ದಿನಗಳು ಮುಗಿಯುವುದರೊಳಗೆ ಎಲ್ಲ ಆಗಬೇಕು. ಮೇಲಧಿಕಾರಿಯನ್ನಾದರೂ ಕೈಕಾಲು ಹಿಡಿದು ಒಪ್ಪಿಸಬಹುದು, ಟೊಮೆಟೊ ಹೂವನ್ನು ಒಪ್ಪಿಸಲಾಗುವುದಿಲ್ಲ.

ಮೊದಲು ಎರಡೂ ಕೆಲಸವನ್ನು ಅದೇ ಹೆಂಗಸರು ಮಾಡುತ್ತಿದ್ದರು. ಒಂದು ಸಾಲಿಗೆ ಇಬ್ಬರು, ಗಿಡದ ಆಚೆ ಒಬ್ಬಳು, ಈಚೆ ಒಬ್ಬಳು. ತರಬೇತಿಯಾದ ಮೇಲೆ ನಾನು ಅವರನ್ನು ಎರಡು ಪಾಳಿ ಮಾಡಿದೆ. ಪುಡಿ ಮುಟ್ಟಿಸುವವರು ಬೆಳಿಗ್ಗೆ ಬಂದು ಹೋಗುವರು, ಮೊಗ್ಗು ಬಿಡಿಸುವವರು ಊಟ ಮಾಡಿಕೊಂಡು ಬರುವರು. ಇವರು ಬರುವಷ್ಟರಲ್ಲಿ ಅವರು ಹೋಗಿರುತ್ತಿದ್ದರು. ಎರಡೂ ಹೊತ್ತು ಅಲ್ಲಿರುತ್ತಿದ್ದವನು ನಾನೊಬ್ಬನೇ.

ಹೀಗೆ ಬೇರೆಯಾದವರಲ್ಲಿ ಇಬ್ಬರು ಗೆಳತಿಯರಿದ್ದರು. ಹಿರಿಯಾಕೆ ಕಾಗಿನೆಲೆ ಕಡೆಯಿಂದ ಬಸ್ಸಿಗೆ ಬರುತ್ತಿದ್ದಳು, ಅವಳಿಗೆ ಬೆಳಗಿನ ಪಾಳಿ. ಕಿರಿಯಾಕೆ ಹೊಲದ ಮಗ್ಗುಲ ಊರಿನವಳು, ಅವಳಿಗೆ ಮಧ್ಯಾಹ್ನ. ಪ್ರತಿ ಹಂಗಾಮಿನಲ್ಲೂ ಒಂದೇ ಸಾಲಿನಲ್ಲಿ ಕೆಲಸ ಮಾಡಿದವರು, ಈ ಬಲೆಯ ಮನೆ ಬಿಟ್ಟರೆ ಬೇರೆಲ್ಲೂ ಭೇಟಿಯಾಗದವರು. ಇಬ್ಬರ ಮನೆಯಲ್ಲೂ ಇದ್ದದ್ದು ಒಂದೊಂದೇ ಫೋನು, ಅದು ಗಂಡಂದಿರ ಜೇಬಿನಲ್ಲಿ.

ಒಂದು ದಿನ ಹಿರಿಯಾಕೆ ಬಸ್ಸಿಗೆ ಹೊರಟವಳು ತಿರುಗಿ ಬಂದಳು.

"ಸರ್ರ, ನನ್ನ ಗೆಣತಿ ಬಂದ್ರ ಆಕೀಗೆ ಹೇಳ್ರಿ, ಸೊಸಿ ಜಗಳಾ ಮಾಡಿ ತವರಿಗೆ ಹೋಗ್ಯಾಳ ಅಂತ."

"ನಾನೇನು ಟಪಾಲಿನವನಾ?" ಅಂದೆ. ಅವಳು ನಕ್ಕು ಹೋದಳು. ಮಧ್ಯಾಹ್ನ ಮುಖ ಗಂಟು ಹಾಕಿಕೊಂಡೇ ಕಿರಿಯಾಕೆಗೆ ಹೇಳಿದೆ. ಅವಳ ಕೈಯ ಚಿಮಟ ಅಲ್ಲೇ ನಿಂತಿತು.

"ಅಯ್ಯ! ತಾನ ಹೋಗಿ ಕರಕೊಂಡು ಬರಲಿ ಅಂತ ಆಕೀಗೆ ಹೇಳ್ರಿ. ಮಗನ್ನ ಕಳಿಸಿದ್ರ ಮತ್ತ ಜಗಳಾನ ಆಗತೈತಿ."

ಹೀಗೆ ಶುರುವಾಯಿತು. ಬೆಳಿಗ್ಗೆ ಒಂದು ಸುದ್ದಿ, ಮಧ್ಯಾಹ್ನ ಅದಕ್ಕೆ ಉತ್ತರ. ಹಿರಿಯಾಕೆ ಬೀಗರ ಮನೆಗೆ ಹೋಗಿ ಬಂದಳು. "ಬಾಗಲದಾಗ ನಿಂದ್ರಿಸಿ ಮಾತಾಡಿಸಿದ್ರು ಸರ್ರ. ಚಾ ಸೈತ ಕೊಡಲಿಲ್ಲ." ಚಹಾ ಕೊಡದ ವಿಷಯ ಕಿರಿಯಾಕೆಗೆ ಹೇಳುವಾಗ ನನಗೇ ಸಿಟ್ಟು ನೆತ್ತಿಗೇರಿತ್ತು.

ಆಗ ನಾನು ರಾಣೇಬೆನ್ನೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಮದುವೆ ಎರಡು ಸಲ ಗೊತ್ತಾಗಿ ತಪ್ಪಿತ್ತು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಖಾನಾವಳಿಯಲ್ಲಿ ಬಡಿಸುವವನು "ಇನ್ನೊಂದು ರೊಟ್ಟಿ?" ಅನ್ನುತ್ತಿದ್ದ, ನಾನು "ಸಾಕು" ಅನ್ನುತ್ತಿದ್ದೆ. ನಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ದಿನದ ಕೆಲಸ ಬರೆದು ಹಾಕಿದರೆ ಹೆಬ್ಬೆರಳುಗಳು ಬೀಳುತ್ತಿದ್ದವು. ಅಷ್ಟು ಹೆಬ್ಬೆರಳುಗಳಲ್ಲಿ ಒಂದಕ್ಕೂ ಬಾಯಿರಲಿಲ್ಲ. ಸುಳ್ಳೇಕೆ, ಒಂಟಿತನ ನನ್ನನ್ನು ಹಿಂಡುತ್ತಿತ್ತು. ಹೊಲದ ಬಾಗಿಲಲ್ಲಿ ಇಬ್ಬರು ಹೆಂಗಸರು ಹೊತ್ತಿಗೊಬ್ಬರಂತೆ ನನ್ನ ದಾರಿ ಕಾಯುತ್ತಾರೆ ಅನ್ನುವುದು ನನಗೆ ಹೊಸದು. ಊಟ ಮುಗಿಸಿ ಮರಳುವ ನನ್ನ ಬೈಕು ಕಂಡರೆ ಸಾಕು, "ಏನಂದ್ಲ್ರಿ?" ಎಂದು ಕಿರಿಯಾಕೆ ದೂರದಿಂದಲೇ ಕೇಳುವಳು. ನಾನು ಉತ್ತರ ಕೊಡಲು ಬೇಕೆಂದೇ ತಡಮಾಡುತ್ತಿದ್ದೆ, ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಂಡು.

ಆ ಸೊಸೆ ಬರಬೇಕೆಂದು ಅವಳ ಅತ್ತೆಯಷ್ಟೇ ನಾನೂ ಕಾದೆ. ರಾತ್ರಿ ಮಲಗಿದರೂ ಅದೇ ಯೋಚನೆ. ಒಂದು ಬೆಳಿಗ್ಗೆ ಹಿರಿಯಾಕೆಗೆ ಉತ್ತರ ಮುಟ್ಟಿಸುವಾಗ ತಡೆಯಲಾಗದೆ ನನ್ನದೇ ಒಂದು ಮಾತು ಸೇರಿಸಿದೆ. "ಮಗಗ ಗೊತ್ತಾಗಲಾರದಂಗ ಒಂದು ಸೀರಿ ತಗೊಂಡು ಮತ್ತೊಮ್ಮೆ ಹೋಗಬೇಕಂತ. ಜಗಳದ ಮಾತು ತೆಗೀಬಾರದಂತ." ನಾನು ಹೇಳಿದೆನೆಂದರೆ ಯಾರು ಕೇಳುತ್ತಾರೆ? "ನಿಮ್ಮ ಗೆಣತಿ ಹೇಳ್ಯಾಳ" ಅಂದೆ. ಹಿರಿಯಾಕೆ ಆಗಲಿ ಎಂದು ತಲೆಯಾಡಿಸಿದಳು.

ಅದರ ಮರುದಿನ ಮಧ್ಯಾಹ್ನ ಕಿರಿಯಾಕೆ "ಏನಂದ್ಲ್ರಿ?" ಅನ್ನಲಿಲ್ಲ. ಕಣ್ಣುಗಳು ಕೆಂಪಾಗಿದ್ದವು. ಏನಾಯಿತು, ಆಕೆಗೆ ಏನು ಹೇಳಲಿ ಎಂದು ಕೇಳಿದೆ.

"ನಿಮ್ಮ ಕೂಡ ಹೇಳಿ ಕಳಿಸೂ ಮಾತಲ್ರಿ ಇದು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಕಿ ಎದುರಿಗೆ ನಿಂತು ಹೇಳಬೇಕ್ರಿ. ನಮ್ಮಿಬ್ಬರನ್ನ ಒಂದ ಪಾಳಿಗೆ ಹಾಕ್ರಿ ಸರ್ರ, ಕೈ ಮುಗಿತೀನಿ."

ಕೆನ್ನೆಗೆ ಹೊಡೆದಂತಾಯಿತು. ಇಷ್ಟು ದಿನ ನಾವು ಮೂವರು ಎಂದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ಇದ್ದವರು ಇಬ್ಬರೇ, ನಾನು ನಡುವಿನ ರಸ್ತೆ. ಸಂಜೆ ಖಾನಾವಳಿಯಲ್ಲಿ ರೊಟ್ಟಿ ಮುರಿದುಕೊಂಡು ಕೂತೆ, ತಿನ್ನಲಾಗಲಿಲ್ಲ. ಆಗುವುದಿಲ್ಲ ಎಂದರೆ ಮುಗಿಯಿತು. ಮೇಲಿನವರ ಆದೇಶ ಎಂದರೆ ಅವಳು ನಂಬುತ್ತಾಳೆ, ನಾಳೆಯೂ ನನ್ನ ದಾರಿ ಕಾಯುತ್ತಾಳೆ. ಆದರೆ ಅವಳ ಆ ಕೆಂಪು ಕಣ್ಣು. ಕೈ ತೊಳೆದು ಬಂದವನೇ ಗುಂಪಿನಲ್ಲಿ ಬರೆದು ಹಾಕಿದೆ: ಮಧ್ಯಾಹ್ನದ ಪಾಳಿಯಿಂದ ಒಬ್ಬರು ನಾಡಿದ್ದಿನಿಂದ ಬೆಳಗಿನ ಪಾಳಿಗೆ. ಹೆಬ್ಬೆರಳುಗಳು ಬಿದ್ದವು.

ಮರುದಿನ ಮಧ್ಯಾಹ್ನ ಕಿರಿಯಾಕೆಗೆ ಹೇಳಿದೆ. ಒಂದೇ ಪಾಳಿಯಾದ ಮೊದಲ ದಿನ ಅವರಿಬ್ಬರೂ ಗಿಡದ ಆಚೆ ಈಚೆ ತಲೆ ಬಗ್ಗಿಸಿಕೊಂಡು ಬಹಳ ಹೊತ್ತು ಪಿಸುಗುಟ್ಟಿದರು. ಕಿರಿಯಾಕೆಯ ಸಂಕಟ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬರಬರುತ್ತ ನಗು ಕೇಳಿಸತೊಡಗಿತು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಸರ್ ಬಂದರೆ ಮಾತು ನಿಲ್ಲಿಸುವುದು ಎಲ್ಲ ಹೊಲದಲ್ಲೂ ಇರುವ ಮರ್ಯಾದೆ. ಮಧ್ಯಾಹ್ನದ ಪಾಳಿಯವರು ನಮಸ್ಕಾರ ಹೇಳಿ ತಮ್ಮ ತಮ್ಮ ಸಾಲಿಗೆ ಹೋಗುತ್ತಿದ್ದರು. ಹೆಲ್ಮೆಟ್ ತೆಗೆದು ಸುಮ್ಮನೆ ನಿಲ್ಲುತ್ತಿದ್ದೆ.

ಹೂವು ಮುಗಿಯಲು ಬಂದಾಗ ಒಂದು ಬೆಳಿಗ್ಗೆ ಅವರ ಸಾಲಿನ ತುದಿಯಲ್ಲಿ ನಿಂತು, ಏನೋ ಕೆಲಸದ ಮಾತಿನಂತೆ ಕೇಳಿದೆ.

"ಸೊಸಿ ಬಂದ್ಲೇನ್ರಿ, ಅಕ್ಕಾರ?"

ಹಿರಿಯಾಕೆ ಪುಡಿಯ ಡಬ್ಬಿ ಹಿಡಿದೇ ತಲೆಯೆತ್ತಿದಳು. "ಬಂದು ವಾರದ ಮ್ಯಾಲಾತ್ರಿ ಸರ್ರ! ಸೀರಿ ತಗೊಂಡು ಹೋಗಿದ್ನಿ. ಜಗಳದ ಮಾತ ತೆಗೀಲಿಲ್ಲ. ನಕ್ಕೋಂತ ಬಂದ್ಲು."

"ಸೀರಿ ಒಯ್ಯು ಅಂತ ನಿನಗ ಯಾರು ಹೇಳಿದ್ರು?" ಕಿರಿಯಾಕೆ ಕೇಳಿದಳು.

"ನೀನ ಹೇಳಿ ಕಳಿಸಿದ್ಯಲ್ಲ, ಹುಚ್ಚಿ! ಸರ್ರನ್ನ ಕೇಳು."

ಇಬ್ಬರೂ ನನ್ನ ಕಡೆ ನೋಡಿದರು. ಕಿರಿಯಾಕೆಯ ಮುಖದಲ್ಲಿ ತಾನು ಯಾವಾಗ ಹಾಗೆ ಹೇಳಿದೆನೋ ಎಂದು ಹುಡುಕುವ ಗೊಂದಲವಿತ್ತು, ಅದರ ಜೊತೆಗೆ ಸಂತೋಷವೂ ಇತ್ತು.

"ಹೌದ್ರಿ," ಅಂದೆ. "ಈಕೀನ ಹೇಳಿದ್ಲು."

ನಾನು ಮುಂದಿನ ಸಾಲಿಗೆ ಹೋದ ಮೇಲೆ ಅವರ ಮಾತು ಮತ್ತೆ ಶುರುವಾಯಿತು.