ಪಾರ್ಡಿ ಮನೆತನದ ಕಣ್ಣು

ಅಜರಾಯ ಪಾರ್ಡಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಈಗ ಹೇಳಹೊರಟಿರುವುದು ಅವನ ತಂಗಿ ವರ್ನಾಳ ವಿಷಯ. ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೊಲ್ಲಿಯ ಏಡಿ ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ಚಿಪ್ಪು ಬಿಡಿಸುತ್ತಿದ್ದವಳು ಅವಳು.

ಆ ಮನೆತನದವರಿಗೆ ಹುಟ್ಟಿನಿಂದಲೇ ಕಣ್ಣಲ್ಲಿ ಪಾಪೆಯ ಸುತ್ತಿನ ಬಣ್ಣದ ಬಳೆ ಇಲ್ಲ, ಬರೀ ಕಪ್ಪು. ಬೆಳಕು ತಡೆಯಲಾರದೆ ಎಲ್ಲರೂ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೇ ಬದುಕುತ್ತಾರೆ. ವರ್ನಾಳಿಗೆ ಅದರ ಜೊತೆಗೆ ಪೊರೆಯೂ ಬಂತು. ಮಗಳು ಟೆಸ್‌ಳ ಮುಖವೂ ಅವಳಿಗೆ ಮಸುಕಾಗಿ ಕಾಣತೊಡಗಿತು. ಒಂದು ಕಣ್ಣಿಗೆ ಆಪರೇಷನ್ ಮಾಡಿ ನೋಡೋಣ, ಭರವಸೆ ಮಾತ್ರ ಕೊಡಲಾರೆ ಎಂದರು ಡಾಕ್ಟರು.

ಅಜರಾಯ ಕುಣಿದಾಡಿದ. "ಅಪ್ಪ ಆಪರೇಷನ್ನಿಗೆ ಹೋಗಿ ಕಣ್ಣು ಕಳ್ಕೊಂಡಿದ್ದು ಮರ್ತೋಯ್ತಾ? ಹೋದ್ರೆ ನನ್ನ ಹೊಸಿಲು ತುಳೀಬೇಡ!"

"ಕಣ್ಣು ಅವಳ್ದು, ನಿಂಗ್ಯಾಕೋ ಉರಿ?" ಎಂದೆ.

"ನೀನು ಮಧ್ಯ ಮೂಗು ತೂರಿಸ್ಬೇಡ, ಮುದುಕಿ."

ಟೆಸ್ ದುಡಿಯುತ್ತಿದ್ದುದು ಅವನ ಏಡಿ ಹಿಡಿಯುವ ದೋಣಿಯಲ್ಲೇ. ಹಾಗಾಗಿ ವರ್ನಾ ಎಂದೂ ಅವನಿಗೆ ಎದುರಾಡಿದವಳಲ್ಲ. ಈ ಸಲ ಮಾತ್ರ ಅವನ ಮಾತು ಮೀರಿ ನನ್ನ ಕಾರು ಹತ್ತಿದಳು. ಸೇಂಟ್ ಜಾನ್ಸ್ ಪಟ್ಟಣದ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ದೂರದ್ದೇನೂ ಕಾಣಲಿಲ್ಲ, ಹತ್ತಿರದ್ದು ಕಂಡಿತು.

ಗಾಯ ಮಾಗಿದ ಮೇಲೆ ಮಗಳನ್ನು ನೋಡಲೆಂದು ದೋಣಿಕಟ್ಟೆಗೆ ಹೋದೆವು. ಅಜರಾಯ ದೋಣಿ ಬಿಡುವುದರಲ್ಲಿದ್ದ.

"ಬಂದ್ಲಪ್ಪ ಕಣ್ಣಿನ ರಾಣಿ!" ಎಂದು ಹಂಗಿಸಿದ.

ವರ್ನಾ ದೋಣಿ ಹತ್ತಿ ಅವನೆದುರು ನಿಂತಳು. ಅವನ ಟೋಪಿಯನ್ನೂ ಕಪ್ಪು ಕನ್ನಡಕವನ್ನೂ ಕಿತ್ತಳು. ಬಣ್ಣದ ಬಳೆ ಇಲ್ಲದ ಕಣ್ಣಲ್ಲಿ ಪೊರೆಗೆ ಮರೆಯೇ ಇಲ್ಲ. ಅವನ ಎರಡು ಕಣ್ಣೂ ಹಾಲಿನಂತೆ ಬೆಳ್ಳಗಿದ್ದವು.

"ನಿಂಗೇನೂ ಕಾಣ್ಸಲ್ಲ! ನಾನು ಹೋದ್ರೆ ಡಾಕ್ಟ್ರು ಮನೆಯವ್ರು ಅಂತ ನಿನ್ನ ಕಣ್ಣನ್ನೂ ನೋಡ್ತಾರೆ, ದೋಣಿ ಲೈಸೆನ್ಸ್ ಹೋಗತ್ತೆ ಅಂತ ನನ್ನ ತಡೆದ್ಯಾ?"

"ಬಂಡೆಗಳೆಲ್ಲ ನಂಗೆ ಬಾಯಿಪಾಠ. ಇಳಿ ಕೆಳಗೆ."

ಹಿಂದಿನಿಂದ ಟೆಸ್ ಮೆಲ್ಲಗೆ ಹೇಳಿದಳು: "ಅಮ್ಮಾ, ಬಿಡು. ಬಂಡೆ ಬಂದ್ರೆ ನಾನು ಕೂಗಿ ಹೇಳ್ತೀನಲ್ಲ."

ಟೆಸ್‌ಳ ಕಣ್ಣೂ ಪಾರ್ಡಿ ಕಣ್ಣೇ, ದೂರದ ಬಂಡೆ ಅವಳಿಗೂ ಸರಿಯಾಗಿ ಕಾಣದು. ವರ್ನಾಳಿಗೆ ಸಿಟ್ಟು ನೆತ್ತಿಗೇರಿತು. ದೋಣಿಯ ಕೀ ಕಿತ್ತು ಕೊಲ್ಲಿಗೆಸೆದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಟೆಸ್, ಇಳಿ. ಇವ್ನಿಗೆ ಕಣ್ಣು ಬೇಕಂದ್ರೆ ಆಸ್ಪತ್ರೆಗೆ ಹೋಗ್ಲಿ."

ಸುದ್ದಿ ಅಧಿಕಾರಿಗಳ ಕಿವಿಗೂ ಬಿದ್ದು ಅಜರಾಯನ ಲೈಸೆನ್ಸ್ ಹೋಯಿತು, ಟೆಸ್‌ಳ ಕೆಲಸವೂ ಹೋಯಿತು. ಅವಳು ಈಗಲೂ ಅಮ್ಮನ ಮನೆಯಲ್ಲೇ ಉಣ್ಣುತ್ತಾಳೆ, ಅಮ್ಮನ ಮೇಲಿನ ಸಿಟ್ಟಿಗೆ ಗೋಡೆಯ ಕಡೆ ಮುಖ ಮಾಡಿಕೊಂಡು.